ಆನೆ ಮಗ್ಗುಲು, ಗೆರೆ ಮಗ್ಗುಲು

ದೊಡ್ಡಮಾವನವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಅಂಗುಲ ಉದ್ದವಿತ್ತು. ಉಳಿದ ಒಂಬತ್ತು ಉಗುರುಗಳನ್ನು ಪ್ರತಿ ಭಾನುವಾರ ಪೇಪರು ಹಾಸಿಕೊಂಡು ಶ್ರದ್ಧೆಯಿಂದ ಕತ್ತರಿಸುತ್ತಿದ್ದರು. ಆ ಒಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಅವರ ಆಯುಧ. ಯಾರಾದರೂ ಹಳೇ ನಾಣ್ಯ ತಂದರೆ ಮೊದಲು ಆ ಉಗುರಿನಿಂದ ಗೀರುತ್ತಿದ್ದರು. ತಾಮ್ರದ ಹಸಿರು ಕಿಲುಬು ಉಗುರಿನೊಳಗೆ ಸೇರಿಕೊಂಡು ಕಪ್ಪಗೆ ಕೂತಿರುತ್ತಿತ್ತು. ಅದೇ ಕೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದರು. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲೇ ಸಿಸ್ಟರ್ ನಮ್ಮ ಕೈ ಮಗುಚಿ ಉಗುರು ನೋಡುತ್ತಿದ್ದರು. ಮದುವೆಯಾಗಿ ಮಧುಗಿರಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷ ಆ ಉಗುರಿಗೆ ಊಟ ಬಡಿಸಿದೆ.

ಅವರು ನಮ್ಮ ಮಾವನವರ ಅಣ್ಣ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಕೊರಟಗೆರೆಗೆ ಕೊಟ್ಟಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ನಮ್ಮ ಮನೆಯ ಬೀದಿ ಕಡೆಯ ಕೋಣೆಯನ್ನು ತಮ್ಮ ಆಫೀಸು ಮಾಡಿಕೊಂಡರು. ಊರಿನಲ್ಲಿ 'ನಾಣ್ಯದ ಸೀತಾರಾಮಯ್ಯನವರು' ಎಂದರೆ ಆಟೋದವರೂ ಮನೆ ತೋರಿಸುತ್ತಿದ್ದರು. ಸವೆದದ್ದು, ಕಿಲುಬು ಹಿಡಿದದ್ದು, ನೆಲದಲ್ಲಿ ಸಿಕ್ಕಿದ್ದು, ಅಜ್ಜಿಯ ಡಬ್ಬಿಯಲ್ಲಿ ಸಿಕ್ಕಿದ್ದು, ಯಾವುದೇ ಕಾಸು ಹಿಡಿದುಕೊಂಡು ಹೋದರೂ ಇದು ಯಾರ ಕಾಲದ್ದು ಎಂದು ಹೇಳುತ್ತಾರೆ ಅಂತ ಪ್ರತೀತಿ. ಹೇಳುತ್ತಿದ್ದರು, ನಿಜ. ಹೇಳದೆ ಕಳಿಸಿದ್ದನ್ನು ನಾನು ಒಂದು ದಿನವೂ ಕಾಣೆ. 'ಗೊತ್ತಿಲ್ಲ' ಎನ್ನುವ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ.

ಅದಕ್ಕಾಗಿ ಯಾರಿಂದಲೂ ಬಿಡಿಗಾಸು ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಎಲ್ಲರೂ ದೊಡ್ಡ ಗುಣ ಎನ್ನುತ್ತಿದ್ದರು. ನನಗೆ ಬೇರೆಯೇ ಅನಿಸುತ್ತಿತ್ತು. ದುಡ್ಡು ತೆಗೆದುಕೊಂಡಿದ್ದರೆ ಜನ ಇನ್ನೊಬ್ಬರ ಹತ್ತಿರವೂ ಹೋಗಿ ಕೇಳುತ್ತಿದ್ದರು. ಪುಕ್ಕಟೆ ಹೇಳಿದ ಮಾತನ್ನು ಅನುಮಾನಿಸುವುದು ನಮ್ಮ ಕಡೆ ಮರ್ಯಾದೆಯಲ್ಲ.

ಅವರ ವಿಧಾನ ಹೀಗೆ. ಮೊದಲು ಉಗುರು. ಆಮೇಲೆ, "ಏನಮ್ಮಾ ಕಾನ್ವೆಂಟು, ಒಂದಿಷ್ಟು ಹುಣಸೇಹಣ್ಣು ತಗೊಂಬಾ" ಎಂದು ಒಳಗೆ ಕೂಗು. ನನ್ನ ಹೆಸರು ಅವರಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಬಳಸಲಿಲ್ಲ. ನಾನು ಸಾರಿಗೆ ನೆನೆ ಹಾಕಿದ ಹುಣಸೇಹಣ್ಣನ್ನೇ ಒಯ್ಯಬೇಕು. ಅದಕ್ಕೆ ಒಲೆ ಬೂದಿ ಸೇರಿಸಿ, ತೆಂಗಿನ ಜುಂಗಿನಿಂದ ಗಸಗಸ ಉಜ್ಜುತ್ತಿದ್ದರು. ಮನೆಗೆ ಗ್ಯಾಸು ಬಂದ ಮೇಲೆ ಬೂದಿಯನ್ನು ಪಕ್ಕದ ಮನೆಯ ನೀರೊಲೆಯಿಂದ ಬೇಡಿ ತರುವ ಕೆಲಸವೂ ನನ್ನದಾಯಿತು. ನಾಣ್ಯ ಹೊಸ ಚೊಂಬಿನಂತೆ ಥಳಥಳ ಹೊಳೆಯುವ ತನಕ ಬಿಡುತ್ತಿರಲಿಲ್ಲ. ಹೊಳೆದ ಮೇಲೆ ಅದರ ಮೇಲೆ ಏನೂ ಉಳಿದಿರುತ್ತಿರಲಿಲ್ಲ. ಆಗ ತೀರ್ಪು.

ಒಮ್ಮೆ ಪಾವಗಡದ ಆಚೆ ವೈ.ಎನ್.ಹೊಸಕೋಟೆಯಿಂದ ಒಬ್ಬ ರೈತ ಬಂದ. ಕಡಲೆಕಾಯಿ ಕೀಳುವಾಗ ಸಿಕ್ಕಿದ್ದಂತೆ, ಒಂದು ತಾಮ್ರದ ಕಾಸನ್ನು ಕರ್ಚೀಫಿನ ಮೂಲೆಗೆ ಗಂಟು ಹಾಕಿಕೊಂಡು ತಂದಿದ್ದ. ಗಂಟು ಬಿಚ್ಚಿದಾಗ ನಾನು ಬಾಗಿಲಲ್ಲಿದ್ದೆ. ಹಸಿರು ಕಿಲುಬಿನ ನಡುವೆ ಎರಡು ಅಕ್ಷರದ ತಲೆಗಳು ನನಗೇ ಕಾಣುತ್ತಿದ್ದವು. ಅರ್ಧ ಗಂಟೆ ಉಜ್ಜಿದ ಮೇಲೆ ಅವೂ ಹೋದವು.

"ವಿಜಯನಗರದ ಕಾಲದ್ದು," ಎಂದರು ದೊಡ್ಡಮಾವ.

ರೈತ ಕಾಸನ್ನು ಆ ಕಡೆ ಈ ಕಡೆ ತಿರುಗಿಸಿದ. "ಹೆಂಗ್ ಹೇಳ್ತೀರಿ ಸ್ವಾಮಿ? ದೀನ್ಲೋ ಏಮೀ ಲೇದು ಕದಾ?"

"ಏನೂ ಇಲ್ಲ ಅಂದ್ರೇನೇ ಬಹಳ ಹಳೇದು ಅಂತ ಅರ್ಥ."

ಅವನು ಕಾಸಿನ ಮೇಲೆ ಬೆರಳಾಡಿಸಿದ. "ಬರೋವಾಗ ಏನೋ ಇತ್ತು ಸ್ವಾಮಿ. ಉಜ್ಜಿ ಉಜ್ಜಿ ಉನ್ನದಂತಾ ಪೋಯಿಂದಿ," ಇದ್ದದ್ದೆಲ್ಲ ಹೋಯಿತು, ಎಂದು ತೆಲುಗಿನಲ್ಲಿ ತನಗೇ ಹೇಳಿಕೊಂಡು, ಅದನ್ನು ಮತ್ತೆ ಕರ್ಚೀಫಿಗೆ ಕಟ್ಟದೆ ಹಾಗೇ ಜೇಬಿಗೆ ಹಾಕಿಕೊಂಡ. ಮುಂಚೆ ಕಟ್ಟಿ ತಂದದ್ದು, ಈಗ ಕಟ್ಟದೆ ಜೇಬಿಗೆ ಹಾಕಿದ್ದು, ಇದನ್ನು ನಾನು ನೋಡಿದೆ. ದೊಡ್ಡಮಾವ ನೋಡಲಿಲ್ಲ. ಅವರು ಆಗಲೇ ತಮ್ಮ ಬೈಂಡು ಹಾಕಿಸಿದ ಪುಸ್ತಕದಲ್ಲಿ 'ಪರಿಶೀಲಿಸಿ ದೃಢೀಕರಿಸಲಾಗಿದೆ' ಎಂದು ಬರೆಯುತ್ತಿದ್ದರು. ಕಚೇರಿ ಬಿಟ್ಟರೂ ಆ ವಾಕ್ಯ ಅವರನ್ನು ಬಿಟ್ಟಿರಲಿಲ್ಲ.

ಉಜ್ಜಬೇಡಿ ಎಂದು ಅಲ್ಲಿಯ ತನಕ ಬಾಯಿಬಿಟ್ಟು ಹೇಳಿದವರು ಒಬ್ಬರೇ. ಸಿರಾದಿಂದ ವರ್ಷಕ್ಕೊಮ್ಮೆ ಪಾತ್ರೆಗಳಿಗೆ ಕಲಾಯಿ ಹಾಕಲು ಬರುತ್ತಿದ್ದ ಪಾಷಾ ಸಾಬರು. ಜಗುಲಿಯ ಕೆಳಗೆ ತಿದಿ ಹೂಡಿಕೊಂಡು ಕೂತಿದ್ದವರು ದೊಡ್ಡಮಾವನವರ ಗಸಗಸ ಕೇಳಿ ತಲೆಯೆತ್ತಿದರು.

"ಸಾಬ್, ಆ ಹಸಿರು ಐತಲ್ಲ, ಅದು ಕೊಳೆ ಅಲ್ಲ. ತಾಮ್ರಾನೇ ಹಂಗಾಗಿರೋದು. ಅದನ್ನ ತೆಗೆದ್ರೆ ನಿಶಾನೀನೂ ಅದರ ಜೊತೇಲಿ ಹೋಗ್ತೈತೆ."

ದೊಡ್ಡಮಾವ ನನ್ನ ಕಡೆ ತಿರುಗಿ ನಕ್ಕರು. "ನೋಡಮ್ಮಾ, ಪಾತ್ರೆಗೆ ಕಲಾಯಿ ಹಾಕೋರು ನನಗೆ ಚರಿತ್ರೆ ಹೇಳಿಕೊಡ್ತಾರೆ."

"ಚರಿತ್ರೆ ನಂಗೆ ಬರಾಕಿಲ್ಲ ಸಾಬ್," ಎಂದು ಪಾಷಾ ಸಾಬರು ಮತ್ತೆ ತಿದಿ ಒತ್ತತೊಡಗಿದರು. "ತಾಮ್ರ ಬರ್ತೈತೆ."

ಆ ಮಾತನ್ನು ನಾನು ಎಷ್ಟೋ ದಿನ ಒಳಗೊಳಗೇ ಚಪ್ಪರಿಸಿದೆ.

ಹೀಗೆ ಉಜ್ಜಿದ ನಾಣ್ಯಗಳಲ್ಲಿ ಕೆಲವನ್ನು ಜನ ಅಲ್ಲೇ ಬಿಟ್ಟುಹೋಗುತ್ತಿದ್ದರು. ಕೆಲವನ್ನು ಇವರೇ ಗುಜರಿಯವರಿಂದ ಆಯ್ದು ತರುತ್ತಿದ್ದರು. ಅವುಗಳಲ್ಲಿ ಅವರಿಗೆ ಅಚ್ಚುಮೆಚ್ಚು ಆನೆ ಇರುವ ತಾಮ್ರದ ಕಾಸುಗಳು, ಗುರುತು ಆಳವಾಗಿದ್ದು ಉಜ್ಜಿದರೂ ಉಳಿದವು. ನಮ್ಮ ಸೀಮೆಯಲ್ಲಿ ಅವು ಆಗಾಗ ಸಿಗುತ್ತವೆ. ಆರು ಕಾಸುಗಳನ್ನು ದಪ್ಪ ರಟ್ಟಿನ ಮೇಲೆ ಸಾಲಾಗಿ, ಆನೆ ಮೇಲೆ ಬರುವಂತೆ, ಗೋಂದು ಹಾಕಿ ಅಂಟಿಸಿ ಕನ್ನಡಿಯ ಬೀರುವಿನಲ್ಲಿ ನಿಲ್ಲಿಸಿದ್ದರು. ಗೋಂದು ಹಾಕಿ. ನಾಣ್ಯಕ್ಕೆ ಎರಡು ಮುಖ ಇರುತ್ತದೆ ಎನ್ನುವುದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಕರಿಯಮ್ಮ ಬಂದದ್ದು ಇಂಥ ಕೋಣೆಗೆ.

ಸಿರಾ ತಾಲ್ಲೂಕಿನ ಗೌಡಗೆರೆ ಕಡೆಯ ಒಂದು ಹಟ್ಟಿಯಿಂದ ಬಂದಿದ್ದಳು. ಕುರಿ ಸಾಕುವ ಜನ. ಅರವತ್ತರ ಹತ್ತಿರದ ವಯಸ್ಸು, ಗಂಡ ಹೋಗಿ ವರ್ಷವಾಗಿತ್ತು. ಹಟ್ಟಿಯ ಸ್ಕೂಲಿನ ಮೇಷ್ಟ್ರು ಇವರ ಹೆಸರು ಹೇಳಿ ಕಳಿಸಿದ್ದರಂತೆ. ಎರಡು ಬಸ್ಸು ಬದಲಾಯಿಸಿ ಬಂದವಳು ಕೋಣೆಯೊಳಗೆ ಕಾಲಿಡದೆ ಹೊಸ್ತಿಲ ಹತ್ತಿರ ಕೂತಳು. ನಾನು ಕಾಫಿ ತಂದಾಗ ಸೆರಗಿನ ತುದಿಯಿಂದ ಲೋಟ ಹಿಡಿದು, ಪಕ್ಕಕ್ಕಿಟ್ಟು, ಮೊದಲು ಕೆಲಸ ಎನ್ನುವಂತೆ ಎಲೆಅಡಿಕೆ ಚೀಲದೊಳಗಿಂದ ಅರಿಶಿನದ ಬಟ್ಟೆಯೊಂದನ್ನು ತೆಗೆದಳು. ಅದರೊಳಗೆ ಒಂದು ತಾಮ್ರದ ಕಾಸು. ಅದನ್ನು ಬಲಗೈ ಅಂಗೈಯಲ್ಲಿಟ್ಟು, ಎಡಗೈಯನ್ನು ಕೆಳಗೆ ಆಸರೆ ಕೊಟ್ಟು ಹಿಡಿದಳು.

"ನಮ್ ಮನೆದ್ಯಾವ್ರ ಕಾಸು ಸಾಮಿ. ಇದ್ರಾಗೆ ಆನೆ ಐತೆ ಅಂತ ಒಂದ್ ಕಾಗ್ದ ಬರ್ಕೊಡಬೇಕು."

ಅವಳು ಹೇಳಿದ ಕತೆ ಇಷ್ಟು. ಅವಳ ಗಂಡನ ಅಜ್ಜನ ಕಾಲದಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ದೇವರ ಪೆಟ್ಟಿಗೆಯಲ್ಲಿ ಎರಡು ಕಾಸು ಇದ್ದವು. ಆನೆ ಕಾಸು ಹಿರೇಮನೆಗೆ, ಗೆರೆ ಕಾಸು ಕಿರೇಮನೆಗೆ ಎಂದು ಹಂಚಿಕೆಯಾಯಿತು. ಆನೆ ಕಾಸು ಇರುವ ಮನೆಯಲ್ಲೇ ದೇವರ ಪೆಟ್ಟಿಗೆ ಇರಬೇಕು, ಹಬ್ಬದಲ್ಲಿ ಆ ಮನೆಯವರೇ ಹೊರಬೇಕು ಎಂದು ಕಟ್ಟುಪಾಡು. ಇವಳದು ಹಿರೇಮನೆ. ಈಗ ಕಿರೇಮನೆಯ ಮೈದುನನ ಮಗ ತಕರಾರು ತೆಗೆದಿದ್ದ: ಆನೆ ಇರುವುದು ನಮ್ಮ ಕಾಸಿನಲ್ಲಿ, ನಿಮ್ಮದರಲ್ಲಿ ಬರೀ ಗೆರೆ; ಯಾವಾಗಲೋ ಅದಲುಬದಲಾಗಿದೆ; ಪೆಟ್ಟಿಗೆ ನಮ್ಮ ಮನೆಗೆ ಬರಲಿ. ಬರುವ ಅಮಾವಾಸ್ಯೆಗೆ ಹಿರಿಯರು ಕಟ್ಟೆ ಸೇರುತ್ತಾರೆ. ತಿಳಿದವರಿಂದ ಬರೆಸಿಕೊಂಡು ಬಾ ಎಂದಿದ್ದರು.

"ನಮ್ಮೆಜಮಾನ್ರು ಇದ್ದಿದ್ರೆ ಬಾಯಿ ಬುಡ್ತಿರ್ಲಿಲ್ಲ ಅವ್ನು," ಎಂದಳು. "ಪೆಟ್ಗೆ ಹೋದ್ರೆ ನಮ್ ಬಾಗ್ಲಿಗೆ ಯಾರ್ ಬತ್ತಾರೆ ಸಾಮಿ? ಮುಂಡೆ ಮನೆ ಅಂತಾರೆ ಅಷ್ಟೇಯ. ಈಗ ದ್ಯಾವ್ರ ಮನೆ ಅಂತಾರೆ."

ದೊಡ್ಡಮಾವ ಕೈ ಚಾಚಿದರು. "ಕೊಡು ಇಲ್ಲಿ. ಏನಮ್ಮಾ ಕಾನ್ವೆಂಟು, ಹುಣಸೇಹಣ್ಣು."

ಕರಿಯಮ್ಮ ಮುಷ್ಟಿ ಮುಚ್ಚಿದಳು. "ಉಜ್ಜಾಂಗಿಲ್ಲ ಸಾಮಿ. ಅರಿಶ್ಣ ಬಿಟ್ರೆ ಇದ್ಕೆ ಬ್ಯಾರೆ ಏನೂ ಮುಟ್ಟಿಸಾಂಗಿಲ್ಲ. ನನ್ ಕೈಯಾಗೇ ನೋಡಿ."

ಅವರಿಗೆ ಅಲ್ಲೇ ಮುಖ ಕೆಟ್ಟಿತು. ಉಜ್ಜದೆ ಒಂದು ನಾಣ್ಯ ತಮ್ಮ ಕಣ್ಣಿನಿಂದ ತಪ್ಪಿಸಿಕೊಳ್ಳುವುದು ಅವರಿಗೆ ಅವಮಾನ. ಕೂತಲ್ಲಿಂದಲೇ ಬಗ್ಗಿ ನೋಡಿದರು. ಒಂದು ಮುಖ ನುಣ್ಣಗೆ, ಬೋಳು. "ತಿರುಗಿಸು." ಇನ್ನೊಂದು ಮುಖದಲ್ಲಿ ಕಿಲುಬಿನೊಳಗೆ ಅಡ್ಡಡ್ಡ ಗೆರೆಗಳು, ಚಾಪೆ ಹೆಣೆದ ಹಾಗೆ, ಸ್ಪಷ್ಟವಾಗಿ.

"ಗೆರೆ ಕಾಸು," ಎಂದರು.

"ಅದು ಹಿಂದ್ಲು ಮಗ್ಗುಲು ಸಾಮಿ. ಆನೆ ಈ ಕಡೀಕೈತೆ. ಇತ್ತು. ನಮ್ಮತ್ತೆ ಕಾಲ್ದಾಗೆ ಸೊಂಡ್ಲು ಕಾಣ್ತಿತ್ತಂತೆ. ವಾರವಾರ ಅರಿಶ್ಣ ಹಚ್ಚಿ ಹಚ್ಚಿ ಹೊಂಟೋಗೈತೆ. ನಮ್ಮತ್ತೆ ಕೈ, ನನ್ ಕೈ, ಈಗ ಸೊಸೆ ಕೈ."

"ಹೋದದ್ದನ್ನ ನಾನು ಹೇಗಮ್ಮಾ ಬರೆಯಲಿ? ಇರೋದನ್ನ ಬರೀತೀನಿ. ಕಣ್ಣಿಗೆ ಕಂಡದ್ದು ದಾಖಲೆ, ಬಾಯಲ್ಲಿ ಹೇಳಿದ್ದು ಪುರಾಣ."

ಇದು ಅವರ ನಿತ್ಯದ ಮಾತು. ತೊಗರಿಬೇಳೆ ಖರ್ಚಾಗಿದೆ ಎಂದು ನಾನು ಹೇಳಿದರೂ ಡಬ್ಬಿ ತೋರಿಸು ಎಂದು ಇದನ್ನೇ ಹೇಳುತ್ತಿದ್ದರು. ಅಂದು ಅದನ್ನು ಹೇಳುತ್ತಲೇ ಕಾಗದ ತೆಗೆದು ನಾಲ್ಕು ಸಾಲು ಬರೆದು, ಸಹಿ ಹಾಕಿ, ದಿನಾಂಕ ಬರೆದು, ನೆಲದ ಮೇಲೆ ಅವಳತ್ತ ಸರಿಸಿದರು.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡಬೇಕು. ಕರಿಯಮ್ಮ ಹೇಳಿದ್ದನ್ನು ನಾನೂ ಕೇಳಿದೆ. ಬಾಗಿಲಲ್ಲೇ ನಿಂತಿದ್ದೆ. ಪಾಪ, ಏನೋ ನಂಬಿಕೆ ಎಂದುಕೊಂಡೆ. ಹಟ್ಟಿಯ ಹೆಂಗಸು ಹೇಳಿದ್ದರಲ್ಲಿ ನಂಬಿಕೆ ಇರಬಹುದು, ವಿಚಾರ ಇರಲಾರದು ಎಂದು ನನಗೂ ಅನಿಸಿತ್ತು. ಉಗುರು ಚಿಕ್ಕದಾಗಿ ಕತ್ತರಿಸಿಕೊಂಡ ಮಾತ್ರಕ್ಕೆ ನಾನು ದೊಡ್ಡಮಾವನವರಿಗಿಂತ ಮೇಲೇನೂ ಆಗಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವಳು ಕಾಗದ ನನ್ನ ಕೈಗೆ ಕೊಟ್ಟಳು. "ಏನ್ ಬರ್ದವ್ರೆ ಓದಿ ತಾಯಿ."

"ಎರಡೂ ಮುಖಗಳಲ್ಲಿ ಆನೆಯ ಗುರುತು ಕಂಡುಬಂದಿರುವುದಿಲ್ಲ" ಎಂದು ಓದಿದೆ.

ಅವಳು ಅಳಲಿಲ್ಲ. ಬೆಟ್ಟದ ಕಡೆ ನೋಡಿದಳು. "ನಾನೇ ದುಡ್ ಕೊಟ್ಟು ಬಸ್ನಾಗೆ ಬಂದು ನನ್ ಮನೆ ಕಳ್ಕಂಡೆ ನೋಡಿ," ಎಂದಳು. ಕಾಗದವನ್ನು ಮಡಚಿ, ಕಾಸಿನ ಪಕ್ಕ ಅಲ್ಲ, ಚೀಲದ ಇನ್ನೊಂದು ಅರೆಗೆ ತುರುಕಿದಳು. ಕಾಫಿ ಆರಿಹೋಗಿತ್ತು, ಹಾಗೇ ಕುಡಿದು ಲೋಟ ತೊಳೆದಿಟ್ಟು ಹೋದಳು. ಹೋಗುವ ಮೊದಲು ಸೊಸೆಯ ಮೊಬೈಲ್ ನಂಬರನ್ನು ಹೇಳಿ ನನ್ನಿಂದ ಬರೆಸಿದಳು. "ನಿಮ್ ಸಾಮಿಗೆ ಏನಾರ ಇನ್ನೊಂದ್ ಸಲ ಕಂಡ್ರೆ ಒಂದ್ ಪೋನ್ ಮಾಡಿ."

ಸಾಮಿಗೆ ಏನೂ ಕಾಣಲಿಲ್ಲ. ಅವರು ಊಟ ಮಾಡಿ ಮಲಗಿದರು.

ಐದಾರು ದಿನವಾಗಿರಬೇಕು. ಶುಕ್ರವಾರ ಮನೆ ಒರೆಸುವಾಗ ಬೀರುವಿನ ರಟ್ಟನ್ನು ಎತ್ತಿದೆ. ಗೋಂದು ಒಣಗಿ ಒಂದು ಆನೆ ಕಾಸು ಕಳಚಿ ಕೆಳಗೆ ಬಿತ್ತು. ಬಿದ್ದದ್ದು ಮಗುಚಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಅಡ್ಡಡ್ಡ ಗೆರೆಗಳು ಕಂಡವು, ಚಾಪೆ ಹೆಣೆದ ಹಾಗೆ. ತಿರುಗಿಸಿದೆ: ಆನೆ. ಮತ್ತೆ ತಿರುಗಿಸಿದೆ: ಗೆರೆ. ಆನೆ ಕಾಸು, ಗೆರೆ ಕಾಸು ಅಂತ ಎರಡು ಜಾತಿ ಇರಲೇ ಇಲ್ಲ. ಒಂದೇ ಕಾಸಿನ ಎರಡು ಮಗ್ಗುಲು. ಆ ಅಣ್ಣತಮ್ಮಂದಿರು ಹಂಚಿಕೊಂಡದ್ದು ಕಾಸುಗಳನ್ನಲ್ಲ, ಯಾವ ಮಗ್ಗುಲು ಮೇಲೆ ಮಾಡಿ ಪೂಜೆ ಮಾಡಬೇಕು ಎನ್ನುವುದನ್ನು.

ಆದರೂ ಪೂರ್ತಿ ಹೊಳೆಯಲಿಲ್ಲ. ಒರೆಸುವುದು ಮುಗಿಸಿ ದೇವರ ಸಾಮಾನು ತೊಳೆಯಲು ಕೂತೆ. ನಮ್ಮ ಮನೆಯ ಬೆಳ್ಳಿ ಲಕ್ಷ್ಮಿಯ ಮುಖ ಅತ್ತೆಯವರ ಅತ್ತೆಯ ಕಾಲದ್ದು. ಅದಕ್ಕೆ ಮೂಗಿಲ್ಲ. ತುಟಿಯೂ ಇಲ್ಲದ ಹಾಗೆ. ಪ್ರತಿ ಶುಕ್ರವಾರ ಅರಿಶಿನ ಹಚ್ಚಿ, ತೊಳೆದು, ಮತ್ತೆ ಹಚ್ಚಿ, ನಾವು ಹೆಂಗಸರೇ ತಲೆತಲಾಂತರದಿಂದ ಅವಳ ಮೂಗು ಸವೆಸಿದ್ದೇವೆ. ಹಿಂದೆ ತಿರುಗಿಸಿದರೆ ಅಕ್ಕಸಾಲಿಗನ ಸುತ್ತಿಗೆಯ ಒಂದೊಂದು ಏಟೂ ನಿನ್ನೆ ಬಿದ್ದ ಹಾಗಿದೆ. ಆ ಬೆನ್ನನ್ನು ಯಾರೂ ಪೂಜಿಸಿಲ್ಲವಲ್ಲ.

ಹಚ್ಚಿ ಹಚ್ಚಿ ಹೊಂಟೋಗೈತೆ, ಎಂದಿದ್ದಳು ಕರಿಯಮ್ಮ. ಹಿರೇಮನೆಯವರು ಆನೆಗೆ ಅರಿಶಿನ ಹಚ್ಚಿದರು. ಆನೆ ಹೋಯಿತು, ಗೆರೆ ಉಳಿಯಿತು. ಕಿರೇಮನೆಯವರು ಗೆರೆಗೆ ಹಚ್ಚಿರುತ್ತಾರೆ. ಗೆರೆ ಹೋಗಿ, ಅಡಿಯಲ್ಲಿದ್ದ ಆನೆ ಉಳಿದಿದೆ. ಆನೆ ಕಾಣದಿರುವುದೇ ಅವಳ ಮನೆಯಲ್ಲಿ ಆನೆ ಇತ್ತು ಎನ್ನುವುದಕ್ಕೆ ಸಾಕ್ಷಿ. ಅವಳು ಎರಡು ಬಸ್ಸು ಹತ್ತಿ ಬಂದು ಹೇಳಿದ್ದು ಅಷ್ಟೇ.

ಬಿದ್ದ ಕಾಸನ್ನು ದೊಡ್ಡಮಾವನವರ ಹತ್ತಿರ ಒಯ್ದೆ. ಎರಡೂ ಮಗ್ಗುಲು ತೋರಿಸಿದೆ. ಕರಿಯಮ್ಮನ ಮಾತು ನೆನಪಿಸಿದೆ. ಲಕ್ಷ್ಮಿಯ ಮುಖವನ್ನೂ ಸೆರಗಿನಲ್ಲಿ ಹಿಡಿದು ತಂದಿದ್ದೆ.

ಅವರು ಕಾಸನ್ನು ಬಹಳ ಹೊತ್ತು ನೋಡಿದರು. ನೋಡಿದರು, ಅರ್ಥವಾಯಿತು, ಅದು ನನಗೆ ಚೆನ್ನಾಗಿ ಕಂಡಿತು. ಕಿವಿಯ ತುದಿ ಕೆಂಪಾಯಿತು.

"ಗೋಂದು ಹಾಕಿ ಅಂಟಿಸಿಬಿಡು," ಎಂದರು.

"ಆ ಹೆಂಗಸಿನ ಕಾಗದ ದೊಡ್ಡಮಾವ? ಅಮಾವಾಸ್ಯೆಗೆ ಇನ್ನು ಎಂಟೇ ದಿನ."

"ಒಂದೇ ವಿಷಯಕ್ಕೆ ಎರಡು ಹಿಂಬರಹ ಕೊಡೋ ಪದ್ಧತಿ ಇಲ್ಲ. ಬರೆದದ್ದು ಬರೆದಾಯ್ತು. ನಾಳೆ ಸೀತಾರಾಮಯ್ಯನಿಗೆ ಕಣ್ಣು ಕಾಣಲ್ಲ ಅಂತ ಹಟ್ಟಿ ಜನ ಆಡ್ಕೊಳ್ಳೋದು ಬೇಕಾ?"

ಒಬ್ಬ ಹೆಂಗಸಿನ ಮನೆ ಒಂದು ಕಡೆ, ಹಟ್ಟಿಯಲ್ಲಿ ತಮ್ಮ ಹೆಸರು ಇನ್ನೊಂದು ಕಡೆ. ತೂಗಲು ಅವರಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಅವರನ್ನು ಕಂಡರೆ ನನಗೆ ಮೊದಲೂ ಅಷ್ಟಕ್ಕಷ್ಟೆ. ಆದರೆ ಹೇಸಿಗೆ ಅಂತ ಹುಟ್ಟಿದ್ದು ಅವತ್ತು. ಉಗುರಿಗಲ್ಲ.

ನಮ್ಮ ಮನೆಯವರಿಗೆ ಹೇಳಿದೆ. "ನೀನ್ಯಾಕೆ ಅವರ ವಿಷಯಕ್ಕೆ ಹೋಗ್ತೀಯ" ಎಂದು ಟಿವಿ ಜೋರು ಮಾಡಿದರು. ಆಮೇಲೆ ನಾನು ಅಡಿಗೆಮನೆಯಲ್ಲಿ ಕೂತು ಯೋಚನೆ ಮಾಡಿದೆ. ಇಂಥವರಿಂದ ಕೆಲಸ ತೆಗೆಯುವುದು ಹೇಗೆಂದು ಸಿಸ್ಟರ್‌ಗಳು ಕಲಿಸಿರಲಿಲ್ಲ. ಇಪ್ಪತ್ತು ವರ್ಷದ ಸಂಸಾರ ಕಲಿಸಿತ್ತು.

ಭಾನುವಾರ ಸಂಜೆ ಅವರ ಗೆಳೆಯರು ಮೂವರು ಬರುವುದು ವಾಡಿಕೆ, ಎಲ್ಲರೂ ನಿವೃತ್ತರು. ಕಾಫಿಯ ತಟ್ಟೆ ಹಿಡಿದು ಒಳಗೆ ಹೋದೆ.

"ನಮ್ಮ ದೊಡ್ಡಮಾವನವರು ಏನು ಕಂಡುಹಿಡಿದಿದ್ದಾರೆ ಕೇಳಿದಿರಾ?" ಎಂದೆ. "ಪೂಜೆ ಮಾಡಿದ ಮುಖವೇ ಮೊದಲು ಸವೆಯೋದಂತೆ. ಅದಕ್ಕೇ ದೇವರ ಕಾಸನ್ನು ಸವೆದ ಕಡೆಯಿಂದ ಓದಬೇಕಂತೆ. ಇದುವರೆಗೆ ಯಾರಿಗೂ ಹೊಳೆದಿರಲಿಲ್ಲವಂತೆ."

ಗೆಳೆಯರು ಲೋಟ ಹಿಡಿದು ಅವರ ಕಡೆ ತಿರುಗಿದರು. ನಾನು ನೆಲ ನೋಡುತ್ತಿದ್ದೆ. ಇವರು ನನ್ನನ್ನು ಒಂದು ಕ್ಷಣ ನೋಡಿರಬೇಕು. ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿತು.

"ಅದೇನೂ ಅಂಥಾ ದೊಡ್ಡದಲ್ಲ," ಎಂದರು ದೊಡ್ಡಮಾವ. "ಬಹಳ ವರ್ಷದ ಅನುಭವ ಬೇಕು, ಅಷ್ಟೆ."

"ಭಲೇ ಸೀತಾರಾಮು," ಎಂದರು ಒಬ್ಬರು. "ಇದನ್ನ ಪೇಪರಿಗೆ ಬರೀಬೇಕಪ್ಪ ನೀನು."

ಮಾರನೆಯ ದಿನ ಬೆಳಿಗ್ಗೆ ತಾವಾಗಿಯೇ ಕಾಗದ ಬರೆದರು. 'ಹೆಚ್ಚಿನ ಪರಿಶೀಲನೆಯಿಂದ ಮತ್ತು ನನ್ನ ಸ್ವಂತ ಸಂಶೋಧನೆಯಿಂದ' ಎಂದು ಶುರುವಾಗಿತ್ತು. ಪೂಜಿಸಿದ ಮುಖವೇ ಸವೆಯುವುದರಿಂದ, ಬೋಳಾದ ಮುಖದಲ್ಲಿ ಆನೆ ಇತ್ತೆಂದೂ, ಕಿರೇಮನೆಯವರ ಕಾಸಿನಲ್ಲಿ ಗೆರೆಯ ಮುಖ ಬೋಳಾಗಿರುವುದನ್ನು ಹಿರಿಯರು ತಾವೇ ನೋಡಬಹುದೆಂದೂ ಬರೆದಿದ್ದರು. ಮೊದಲಿನ ಕಾಗದ ರದ್ದು. ಸಹಿ ಈ ಸಲ ಪುಟದ ಅಡ್ಡಕ್ಕೂ ಇತ್ತು. ಕರಿಯಮ್ಮನ ಹೆಸರು ಎಲ್ಲೂ ಇರಲಿಲ್ಲ. ಆ ಮಾತು ಅವಳದು. ಅವಳ ಬಾಯಿಂದ ತೆಗೆದು ಇವರ ಬಾಯಿಗೆ ಇಟ್ಟವಳು ನಾನು. ಬೇರೆ ದಾರಿ ಇರಲಿಲ್ಲ ಎಂದು ಈಗಲೂ ಅಂದುಕೊಳ್ಳುತ್ತೇನೆ. ಹಾಗೆಂದುಕೊಂಡಾಗ ಅಷ್ಟೇನೂ ಸಮಾಧಾನವಾಗುವುದಿಲ್ಲ.

ಫೋನ್ ಮಾಡಿದೆ. ಕರಿಯಮ್ಮ ಮಾರನೇ ದಿನವೇ ಬಂದು ಒಯ್ದಳು. ನಾನು ಕಾಗದ ಓದಿ ಹೇಳಿದಾಗ, "ಇದ್ನೇ ಅಲ್ವಾ ತಾಯಿ ನಾನಂದಿದ್ದು?" ಎಂದಳು.

"ಹೌದು ಕರಿಯಮ್ಮ."

"ಓ. ಬರ್ದ್ರೆ ಬ್ಯಾರೆ ಆಯ್ತದೆ," ಎಂದು ಕಾಗದವನ್ನು ಈ ಸಲ ಕಾಸಿನ ಪಕ್ಕವೇ ಇಟ್ಟುಕೊಂಡಳು.

ಅಮಾವಾಸ್ಯೆ ಕಳೆದ ಮೇಲೆ ಅವಳೇ ಫೋನಿನಲ್ಲಿ ಹೇಳಿದ್ದು: ಕಟ್ಟೆಯ ಮೇಲೆ ಮೇಷ್ಟ್ರು ಕಾಗದ ಓದಿದರಂತೆ. ಹಿರಿಯರೊಬ್ಬರು ಮೈದುನನ ಮಗನನ್ನು, "ನಿಮ್ಮನೇಲಿ ಯಾವ ಮಗ್ಗುಲಿಗ್ಲಾ ಅರಿಶ್ಣ ಹಚ್ಚೋದು?" ಎಂದು ಕೇಳಿದರಂತೆ. "ಗೆರೆ ಮಗ್ಗುಲಿಗೆ, ಇನ್ಯಾವುದ್ಕೆ" ಎಂದನಂತೆ ಅವನು. ಹೇಳಿದ ಮೇಲೆ ತಾನೇ ಕಾಸು ತಿರುಗಿಸಿ ನೋಡಿದನಂತೆ. ಗೆರೆ ಕಡೆ ಕನ್ನಡಿಯಂತೆ ನುಣ್ಣಗಿತ್ತು. ಪೆಟ್ಟಿಗೆ ಕರಿಯಮ್ಮನ ಮನೆಯಲ್ಲೇ ಉಳಿಯಿತು.

ಎರಡು ವರ್ಷದ ಮೇಲೆ ದೊಡ್ಡಮಾವನವರಿಗೆ ನಿಜವಾಗಿ ಕಣ್ಣು ಮಂಜಾಯಿತು, ಕಾಲೂ ಸೋತಿತು. ಮಗಳು ಕೊರಟಗೆರೆಗೆ ಕರೆದುಕೊಂಡು ಹೋದಳು. ನೋಡಲು ನಾನು ಹೊರಟ ದಿನ ಕರಿಯಮ್ಮ ಮಧುಗಿರಿ ಸಂತೆಗೆ ಬಂದಿದ್ದವಳು, "ನಾನೂ ಬತ್ತೀನಿ ತಾಯಿ, ಕಾಗ್ದ ಕೊಟ್ಟ ಪುಣ್ಯಾತ್ಮ" ಎಂದು ಜೊತೆಗೆ ಬಸ್ಸು ಹತ್ತಿದಳು. ಮಡಿಲಲ್ಲಿ ಒಂದು ಸೇರು ಹುರುಳಿಕಾಳು.

ಅವರು ದಿಂಬಿಗೆ ಒರಗಿ ಕೂತಿದ್ದರು. ಹೆಬ್ಬೆರಳಿನ ಉಗುರನ್ನು ಮಗಳು ಕತ್ತರಿಸಿಬಿಟ್ಟಿದ್ದಳು. ಅಳಿಯನ ಕಡೆಯ ನೆಂಟರು ನಾಲ್ಕು ಜನ ಇದ್ದರು. ಅವರಿಗೆ ಕತೆ ಹೇಳುತ್ತಿದ್ದರು. ಯಾವ ಕತೆ ಎಂದು ಬಾಗಿಲಲ್ಲೇ ಗೊತ್ತಾಯಿತು.

"ಹಟ್ಟಿಯಿಂದ ಒಬ್ಬ ಹೆಂಗಸು ಬಂದಳು. ಕಾಸು ಹಿಡ್ಕೊಂಡು ಗೋಳೋ ಅಂತ ಅತ್ತಳು. ಹುಣಸೇಹಣ್ಣು ಕೂಡ ಮುಟ್ಟಿಸಲಿಲ್ಲ ನಾನು. ಕೈಯಲ್ಲಿ ಹೀಗೆ ಇಟ್ಕೊಂಡು ನೋಡಿದ ಕೂಡಲೇ ಹೇಳಿದೆ, ಇದು ಪೂಜೆ ಮಾಡಿದ ಮುಖ, ಇಲ್ಲಿ ಆನೆ ಇತ್ತು ಅಂತ. ಅವಳಿಗೇನು ಗೊತ್ತು ಪಾಪ. ಕುರಿ ಕಾಯೋ ಹೆಂಗಸು."

ಮಗಳು ನಮ್ಮನ್ನು ಕಂಡು, "ಅಪ್ಪ, ಮಧುಗಿರಿಯಿಂದ ಬಂದಿದಾರೆ, ಜೊತೇಲಿ ಇನ್ಯಾರೋ ಇದಾರೆ" ಎಂದಳು.

"ಯಾರು?"

ಕರಿಯಮ್ಮ ಹುರುಳಿಕಾಳನ್ನು ಮಂಚದ ಕಾಲ ಹತ್ತಿರ ಇಟ್ಟು, ಬಗ್ಗಿ ಅವರ ಪಾದ ಮುಟ್ಟಿದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಹೂಂ ಸಾಮಿ," ಎಂದಳು. "ಅವ್ಳಿಗೇನ್ ಗೊತ್ತು."

"ನೋಡಿ, ಇವರೂ ಹೇಳ್ತಾರೆ," ಎಂದರು ದೊಡ್ಡಮಾವ ನೆಂಟರ ಕಡೆ ಕೈ ಮಾಡಿ.

ನಾನು ಬಾಯಿಗೆ ಸೆರಗು ಹಿಡಿದು ಹಿತ್ತಲಿಗೆ ಹೋದೆ. ದುಃಖ ಬಂತೆಂದು ಮಗಳು ಹಿಂದೆಯೇ ನೀರು ತಂದು ಕೊಟ್ಟಳು. ಅವರನ್ನು ಮತ್ತೆ ನೋಡಲಿಲ್ಲ. ಆ ಆಷಾಢದಲ್ಲಿ ತೀರಿಕೊಂಡರು. ಊರಿನವರು ಒಂದು ಸಭೆ ಮಾಡಿ, ಫೋಟೋಗೆ ಹಾರ ಹಾಕಿ, ಆ ಸಂಶೋಧನೆಯ ಬಗ್ಗೆಯೇ ಹೆಚ್ಚು ಮಾತಾಡಿದರು. ನಾನು ಮೂರನೇ ಸಾಲಿನಲ್ಲಿ ಕೂತು ಕೇಳಿದೆ. ಮನೆಯ ಆ ಕೋಣೆಯಲ್ಲಿ ಈಗ ನನ್ನ ಮಗಳು ಓದಿಕೊಳ್ಳುತ್ತಾಳೆ. ಹುಣಸೇಹಣ್ಣು ತಿಂಗಳಿಗೆ ಅರ್ಧ ಕೇಜಿ ಕಡಿಮೆ ಸಾಕಾಗುತ್ತದೆ. ಅವರಿಲ್ಲದ್ದು ನನಗೆ ಗೊತ್ತಾಗುವುದು ಅಷ್ಟರಿಂದ.

ಹೋದ ತಿಂಗಳು ಕರಿಯಮ್ಮ ಸಿಕ್ಕಿದ್ದಳು. ಕಾಗದ ಇದೆಯಾ ಎಂದು ಕೇಳಿದೆ.

"ಇಲ್ದೆ? ಪೆಟ್ಗೆಯಾಗೇ ಮಡಗೀವಿ, ಕಾಸಿನ ಪಕ್ಕ. ಹಿರೀಕರು ಅದ್ಕೂ ಪೂಜೆ ಆಗ್ಲಿ ಅಂದ್ರು. ವಾರವಾರ ಸೊಸೆ ಅದ್ಕೂ ಅರಿಶ್ಣ ಹಚ್ತಾಳೆ."

"ಕಾಗದದ ಯಾವ ಕಡೆಗೆ?"

"ನಿಮ್ ಸಾಮಿ ಹೆಸ್ರಿರೋ ಕಡೀಕೆ," ಎಂದಳು ಕರಿಯಮ್ಮ. "ದೊಡ್ಡೋರಲ್ವಾ ತಾಯಿ. ಹಚ್ಚೋವಾಗೆಲ್ಲ ಒಂಚೂರು ತಿಕ್ಕೇ ಹಚ್ಚು ಅಂದೀನಿ."